ಮಾಸ್ಕೋದಲ್ಲಿ ನಮ್ಮ ರಾಯಭಾರಿಗಳು



ರಾಯಭಾರಿಯೆಂದರೆ ಔತಣಕೂಟದ ಅಲಂಕಾರವೆಂದು ಬಗೆಯುವವರುಂಟು. ಅಂಥವರು ಸೋವಿಯೆಟ್ ರಾಷ್ಟ್ರದೊಡನೆ ನಮ್ಮ ಮೈತ್ರಿ ಬೆಳೆದ ಬಗೆಯನ್ನು ನೋಡಲಿ. 1947ರಲ್ಲಿ ಮಾಸ್ಕೋಗೆ ತೆರಳಿದ ಪ್ರಥಮ ರಾಯಭಾರಿ ಶ್ರೀಮತಿ ವಿಜಯಲಕ್ಷ್ಮೀ ಪಂಡಿತರಿಗೆ ಸ್ಟಾಲಿನ್ನರ ಭೇಟಿಯೇ ಲಭಿಸಲಿಲ್ಲ. 1949ರಲ್ಲಿ ಆ ಸ್ಥಾನಕ್ಕೆ ಬಂದವರು, ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಡಾ. ರಾಧಾಕೃಷ್ಣನ್ ಅವರು. 1950ರ ಜನವರಿಯಲ್ಲಿ ಸ್ಟಾಲಿನ್ನರು ಅವರನ್ನು ಬರಮಾಡಿಕೊಂಡರು. 1952ರಲ್ಲಿ ಬೀಳ್ಕೊಡುವಾಗಲೂ ಕಂಡರು. ಬಳಿಕ ಕೆ. ಪಿ. ಎಸ್. ಮೆನನ್ನರು 1961ರವರೆಗೆ ಅಲ್ಲಿದ್ದು ಆ ನಂಟನ್ನು ಬಲಪಡಿಸಿದರು. 1971ರ ಆಗಸ್ಟ್ 9ರಂದು ದಿಲ್ಲಿಯಲ್ಲಿ ಮೈತ್ರಿಯ ಒಡಂಬಡಿಕೆಗೆ ರುಜು ಬಿದ್ದಿತು. ಡಿಸೆಂಬರಿನ ಯುದ್ಧಕಾಲದಲ್ಲಿ ಭದ್ರತಾ ಸಮಿತಿಯಲ್ಲಿ ಸೋವಿಯೆಟ್ಟರ ನಿಷೇಧಾಧಿಕಾರವು ನಮಗೆ ಆಸರೆಯಾಯಿತು.

1991ರಲ್ಲಿ ಆ ರಾಷ್ಟ್ರವೇ ಅಳಿಯಿತು. ಆದರೂ ಫಲವನ್ನುಂಡ ನಾವು, ಮುಚ್ಚಿದ ಬಾಗಿಲ ಮುಂದೆ ತಾಳ್ಮೆಯಿಂದ ನಿಂತು ಬೀಜ ಬಿತ್ತಿದವರನ್ನು ಮರೆಯಲಾಗದು.