ಕುಂಡದಲ್ಲಿ ಸೇವಂತಿಗೆ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾನು ಹೇಳಹೊರಟಿರುವುದು ದೊಡ್ಡ ವಿಷಯವೇನೂ ಅಲ್ಲ. ಒಂದು ಮಣ್ಣಿನ ಕುಂಡದಲ್ಲಿ ಸೇವಂತಿಗೆ ಗಿಡವನ್ನು ವರ್ಷವಿಡೀ ಉಳಿಸಿಕೊಳ್ಳುವುದು ಹೇಗೆ ಎಂಬಷ್ಟೇ. ಮುಂಬಯಿಯಲ್ಲಿ ಬಾಳುವ ನಮಗೆ ಅಂಗಳವಿಲ್ಲ, ಹಿತ್ತಿಲಿಲ್ಲ. ಕೆಲವರಿಗೆ ಚಾಳಿನ ಗ್ಯಾಲರಿಯಲ್ಲಿ ಎರಡಡಿ ಜಾಗ, ಕೆಲವರಿಗೆ ಕಿಟಕಿಯ ಸರಳಿನ ಹಿಂದೆ ಒಂದು ಮೊಳ. ಹೋಟೆಲಿನಲ್ಲಿ ದುಡಿಯುವ ತಮ್ಮಂದಿರಿಗೆ ಅದೂ ಇಲ್ಲ. ಮಹಡಿಯ ಮೂಲೆಯೇ ಗತಿ. ಆದರೂ ಬಿಸಿಲು ಐದಾರು ಗಂಟೆ ಬೀಳುವ ಕಡೆ ಈ ಗಿಡಕ್ಕೆ ಅಷ್ಟು ಜಾಗ ಸಾಕು.

ಸೇವಂತಿಗೆಯನ್ನು ನಾವು ಎಲ್ಲಿಗೆ ಹೋದರೂ ಬಿಟ್ಟು ಹೋಗುವಂತಿಲ್ಲ. ಇಲ್ಲಿ ಅದು ಶೇವಂತಿ, ಹೈದರಾಬಾದಿನಲ್ಲಿ ಚಾಮಂತಿ, ಚೆನ್ನೈಯಲ್ಲಿ ಸಾಮಂದಿ, ದಿಲ್ಲಿಯಲ್ಲಿ ಗುಲ್‌ದಾವುದಿ. ದಾದರಿನ ಹೂವಿನ ಪೇಟೆಯಲ್ಲಿ ಹಬ್ಬದ ಮುನ್ನಾ ದಿನ ನೋಡಿದರೆ ಒಂದು ಕಡೆ ಝೆಂಡುವಿನ ರಾಶಿ, ಇನ್ನೊಂದು ಕಡೆ ಸೇವಂತಿಗೆಯ ರಾಶಿ. ಇಷ್ಟು ನಮ್ಮದಾದ ಹೂವು ಮೂಲದಲ್ಲಿ ಚೀನ ದೇಶದ್ದು. ಅಲ್ಲಿಂದ ಜಪಾನಿಗೆ ಹೋಗಿ ಅಲ್ಲಿನ ಅರಸರ ಮನೆತನದ ಲಾಂಛನವೇ ಆಯಿತು. ಹದಿನಾರು ಎಸಳಿನ ಆ ಹೂವು ಇಂದಿಗೂ ಅವರ ಗುರುತು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಬಹುಮಂದಿ ಡಿಸೆಂಬರಿನಲ್ಲಿ ಹೂ ತುಂಬಿದ ಕುಂಡವನ್ನು ಕೊಂಡು ತರುತ್ತಾರೆ. ಮೂರು ನಾಲ್ಕು ವಾರ ಮನೆಗೆ ಕಳೆ ಬರುತ್ತದೆ. ಜನವರಿಯಲ್ಲಿ ಹೂ ಕಂದುತ್ತದೆ, ಎಲೆ ಒಣಗುತ್ತದೆ. ಆಗ ಕುಂಡ ಸಹಿತ ಕಸದ ಡಬ್ಬಿಗೆ! ಮರು ವರ್ಷ ಮತ್ತೆ ಹಣ ಕೊಟ್ಟು ಇನ್ನೊಂದು ತರುವುದು. ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ: ಬಾಡಿರುವುದು ಹೂವು, ಗಿಡವಲ್ಲ. ಸೇವಂತಿಗೆಯ ವರ್ಷ ಮುಗಿಯುವುದು ಹೂವಿನಲ್ಲಿ, ಆರಂಭವಾಗುವುದು ನಾವು ಎಸೆಯುವ ಆ ದಿನದಲ್ಲಿ. ಆ ದಿನ ಎಸೆಯದೆ ಇದ್ದವನಿಗೆ ಮುಂದಿನ ವರ್ಷ ಒಂದು ಕುಂಡದಿಂದ ನಾಲ್ಕು ಕುಂಡವಾಗುತ್ತದೆ.

ಜನವರಿಯಲ್ಲಿ ಹೂ ಮುಗಿದೊಡನೆ ಕಾಂಡಗಳನ್ನು ನೆಲದಿಂದ ನಾಲ್ಕಾರು ಅಂಗುಲ ಬಿಟ್ಟು ಕತ್ತರಿಸಿರಿ. ನೀರನ್ನು ಕಡಿಮೆ ಮಾಡಿ, ಮೇಲ್ಮಣ್ಣನ್ನು ಕೆದಕಿ, ಒಂದು ಹಿಡಿ ಗೊಬ್ಬರ ಹಾಕಿರಿ. ಕೆಲವು ವಾರಗಳಲ್ಲಿ ಬುಡದ ಸುತ್ತ ಹಸಿರು ಮರಿಗಳು ಏಳುತ್ತವೆ. ಬಾಳೆಯ ಕಂದು ಇದ್ದ ಹಾಗೆ ಇವು ಸೇವಂತಿಗೆಯ ಕಂದುಗಳು. ಫೆಬ್ರವರಿ ಕೊನೆಗೆ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಹೊರತೆಗೆದು, ಬೇರಿರುವ ಕಂದುಗಳನ್ನು ಬಿಡಿಸಿ, ಒಂದೊಂದನ್ನು ನಾಲ್ಕಂಗುಲದ ಚಿಕ್ಕ ಕುಂಡದಲ್ಲಿ ನೆಡಬೇಕು. ಹಾಲಿನ ಹಳೆಯ ಡಬ್ಬಿಯ ತಳಕ್ಕೆ ತೂತು ಕೊರೆದರೂ ಆಗುತ್ತದೆ. ಮಧ್ಯದ ಹಳೆಯ ಕಾಂಡಕ್ಕೆ ಇನ್ನು ಶಕ್ತಿಯಿಲ್ಲ. ಅದನ್ನು ಮಾತ್ರ ಎಸೆಯಬಹುದು.

ಮಾರ್ಚಿನಿಂದ ಮೇ ತನಕ ಗಿಡಕ್ಕೆ ಬೇರೇನೂ ಬೇಡ, ಬದುಕಿದ್ದರೆ ಸಾಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ದಿನಕ್ಕೊಮ್ಮೆ ನೀರು. ಆದರೆ ನಮ್ಮ ಜನರ ಗಿಡಗಳು ಸಾಯುವುದೂ ಈ ಮೂರು ತಿಂಗಳಲ್ಲಿಯೇ. ಕಾರಣ ಎಲ್ಲರಿಗೂ ಗೊತ್ತಿದೆ. ಮಕ್ಕಳ ಶಾಲೆಗೆ ರಜೆ, ನಮಗೂ ರಜೆ. ಟಿಕೀಟು ಸಿಕ್ಕಿದೊಡನೆ ಊರಿಗೆ ಪ್ರಯಾಣ. ಹದಿನೈದು ದಿನ ಕಳೆದು ಬಂದು ಬಾಗಿಲು ತೆರೆದರೆ ಕುಂಡದಲ್ಲಿ ಕಡ್ಡಿ. ಇದಕ್ಕೆ ಔಷಧಿ ನೆರೆಮನೆಯಲ್ಲಿದೆ. ಮೇ ತಿಂಗಳಲ್ಲಿ ಊರಿಗೆ ಹೋಗುವವರು, ದೀಪಾವಳಿಗೆ ಹೋಗುವವರ ಗ್ಯಾಲರಿಯಲ್ಲಿ ಕುಂಡ ಇಟ್ಟು ಹೋಗಲಿ. ಅವರು ಹೋದಾಗ ಇವರು ನೋಡಿಕೊಳ್ಳಲಿ. ಕೇವಲ ಎರಡು ಮೂರು ದಿನದ ಮಾತಾದರೆ, ಕುಂಡವನ್ನು ಚೆನ್ನಾಗಿ ನೆನೆಸಿ, ಸುತ್ತ ಒದ್ದೆ ಗೋಣಿ ಸುತ್ತಿ, ನೆರಳಿನಲ್ಲಿ ಇಟ್ಟು ಹೋಗಬಹುದು.

ಜೂನಿನಲ್ಲಿ ಮಳೆ ಬಂದರೆ ಕಷ್ಟ ತಿರುಗುತ್ತದೆ. ಬೇಸಿಗೆಯಲ್ಲಿ ನೀರಿಲ್ಲದೆ ಸಾಯುವ ಗಿಡ ಮುಂಬಯಿಯ ಮಳೆಗಾಲದಲ್ಲಿ ನೀರು ಹೆಚ್ಚಾಗಿ ಸಾಯುತ್ತದೆ. ಸೇವಂತಿಗೆಯ ಬೇರಿಗೆ ನೀರಷ್ಟೇ ಗಾಳಿಯೂ ಬೇಕು. ಕುಂಡವನ್ನು ಎರಡು ಇಟ್ಟಿಗೆಯ ಮೇಲಿಟ್ಟು, ತಳದ ತೂತು ಕಟ್ಟಿಕೊಳ್ಳದಂತೆ ನೋಡಿರಿ. ಸುರಿಮಳೆಯಲ್ಲಿ ಸೂರಿನಡಿಗೆ ಸರಿಸಿರಿ. ಕೆಳಗೆ ತಟ್ಟೆಯಿಟ್ಟು ನೀರು ನಿಲ್ಲಿಸಲೇಬೇಡಿ. ಗಿಡಕ್ಕೂ ಕೇಡು, ಡೆಂಗ್ಯೂ ಸೊಳ್ಳೆಗೂ ಅದು ತೊಟ್ಟಿಲು.

ಗಿಡ ಆರಂಗುಲ ಬೆಳೆದಾಗ ಅದರ ತುದಿಯನ್ನು ಉಗುರಿನಿಂದ ಚಿವುಟಬೇಕು. ಹೊಸಬರಿಗೆ ಇದು ಕರುಳು ಹಿಂಡುವ ಕೆಲಸ. ಆದರೆ ಚಿವುಟದಿದ್ದರೆ ಗಿಡ ಕೋಲಿನಂತೆ ಎತ್ತರಕ್ಕೆ ಹೋಗಿ ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಚಿವುಟಿದರೆ ಕೆಳಗಿನಿಂದ ಮೂರು ನಾಲ್ಕು ಕವಲು ಒಡೆಯುತ್ತದೆ. ಕವಲು ಬೆಳೆದ ಮೇಲೆ ಇನ್ನೊಮ್ಮೆ ಚಿವುಟಿರಿ. ಚಿವುಟಿದ ತುದಿ ಎರಡು ಮೂರು ಅಂಗುಲ ಉದ್ದವಿದ್ದರೆ ಅದೂ ವ್ಯರ್ಥವಲ್ಲ. ಕೆಳಗಿನ ಎಲೆ ತೆಗೆದು ಒದ್ದೆ ಮರಳಿನಲ್ಲಿ ನೆರಳಿನಲ್ಲಿ ಊರಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಆಗಸ್ಟ್ ಮುಗಿದ ಮೇಲೆ ಮಾತ್ರ ತುದಿಗೆ ಕೈ ಹಚ್ಚಬಾರದು. ಆಗ ಚಿವುಟಿದರೆ ಹೂವನ್ನೇ ಚಿವುಟಿದಂತೆ.

ಆಗಸ್ಟಿನಲ್ಲಿ ಗಿಡವನ್ನು ಹತ್ತಂಗುಲದ ದೊಡ್ಡ ಕುಂಡಕ್ಕೆ ಬದಲಾಯಿಸಿರಿ. ತಳದ ತೂತಿನ ಮೇಲೆ ಹೆಂಚಿನ ಚೂರು. ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಎರಡು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಸಗಣಿ ಗೊಬ್ಬರ, ಒಂದು ಹಿಡಿ ಎಲುಬಿನ ಪುಡಿ ಅಥವಾ ಬೇವಿನ ಹಿಂಡಿ. ಹೋಟೆಲಿನಲ್ಲಿರುವವರು ಬಳಸಿದ ಚಹಾಪುಡಿಯನ್ನು ಹಾಲು ಸಕ್ಕರೆ ಹೋಗುವಂತೆ ತೊಳೆದು, ಒಣಗಿಸಿ, ಗೊಬ್ಬರದೊಡನೆ ಬೆರೆಸಬಹುದು. ಕುಂಡವನ್ನು ಕಟಕಟೆಯ ಮೇಲೆ ಬಿಡುಬೀಸಾಗಿ ಇಡಬೇಡಿ; ಕೆಳಗೆ ದಾರಿಹೋಕರಿದ್ದಾರೆ.

ಸೆಪ್ಟೆಂಬರಿನಿಂದ ಗಿಡಕ್ಕೆ ಹಸಿವು. ಕಡಲೆಕಾಯಿ ಹಿಂಡಿಯನ್ನು ವಾರ ಕಾಲ ನೀರಿನಲ್ಲಿ ಕೊಳೆಹಾಕಿ, ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ, ಹತ್ತು ದಿನಕ್ಕೊಮ್ಮೆ ಬುಡಕ್ಕೆ ಕೊಡುವುದು ಹಳೆಯ ಪದ್ಧತಿ. ಫಲ ಒಳ್ಳೆಯದು, ವಾಸನೆ ಭಯಂಕರ. ಒಂದೇ ಗ್ಯಾಲರಿಯಲ್ಲಿ ಹತ್ತು ಮನೆ ಇರುವ ಕಡೆ ಇದರಿಂದ ಹೂವಿಗಿಂತ ಮೊದಲು ಜಗಳ ಬಿಡುತ್ತದೆ. ಅಂಥವರು ಬೇವಿನ ಹಿಂಡಿಯ ಪುಡಿಯನ್ನು ಮೂರು ವಾರಕ್ಕೊಮ್ಮೆ ಎರಡು ಚಮಚ ಮಣ್ಣಿಗೆ ಬೆರೆಸಿದರೆ ಸಾಕು. ಮೊಗ್ಗಿನಲ್ಲಿ ಬಣ್ಣ ಕಂಡೊಡನೆ ಗೊಬ್ಬರ ನಿಲ್ಲಿಸಿರಿ. ಎಳೆ ತುದಿಗೆ ಕಪ್ಪು ಹೇನು ಮುತ್ತಿದರೆ ಸೋಪಿನ ತೆಳು ನೀರಿನಿಂದ ತೊಳೆಯಿರಿ. ಬುಡದ ಎಲೆಯಲ್ಲಿ ಕಂದು ಚುಕ್ಕೆ ಬಂದರೆ ಆ ಎಲೆ ಕಿತ್ತು ಎಸೆದು, ಮುಂದೆ ಎಲೆ ನೆನೆಯದಂತೆ ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ನೀರು ಹಾಕಿರಿ.

ಈಗ ಪಟ್ಟಣವಾಸಿಗಳಾದ ನಾವು ಮುಖ್ಯವಾಗಿ ತಿಳಿಯಬೇಕಾದ ಒಂದು ಸಂಗತಿ. ಎಲ್ಲ ಉಪಚಾರ ಮಾಡಿದರೂ ಕೆಲವರ ಗಿಡ ನವೆಂಬರಿನಲ್ಲಿ ಸೊಂಪಾಗಿ ಹಸಿರಾಗಿರುತ್ತದೆ, ಮೊಗ್ಗು ಮಾತ್ರ ಇಲ್ಲ. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕುತ್ತಾರೆ. ದೋಷ ಗೊಬ್ಬರದಲ್ಲಿಲ್ಲ, ನೆತ್ತಿಯ ಮೇಲಿನ ದೀಪದಲ್ಲಿದೆ. ಕೆಲವು ಗಿಡಗಳು ಹಗಲಿರುಳಿನ ಉದ್ದವನ್ನು ಅಳೆದು ಹೂ ಬಿಡುತ್ತವೆ ಎಂಬುದನ್ನು 1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ತಂಬಾಕಿನ ಗಿಡದ ಮೇಲೆ ಪರೀಕ್ಷಿಸಿ ತೋರಿಸಿಕೊಟ್ಟರು. ಸೇವಂತಿಗೆ ಈ ಜಾತಿಗೆ ಸೇರಿದ್ದು. ಇರುಳು ಉದ್ದವಾಗುತ್ತ ಬಂದಾಗಲೇ ಅದು ಮೊಗ್ಗು ಕಟ್ಟುತ್ತದೆ. ಮುಂಬಯಿಯಲ್ಲಿ ಜೂನಿನ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಡಿಸೆಂಬರಿನಲ್ಲಿ ಸುಮಾರು 11 ಗಂಟೆ. ದಿಲ್ಲಿಯಲ್ಲಿ ಈ ಅಂತರ ಇನ್ನೂ ಹೆಚ್ಚು: ಸುಮಾರು 14 ಗಂಟೆಯಿಂದ 10 ಗಂಟೆಯವರೆಗೆ. ಕತ್ತಲೆಯ ನಡುವೆ ದೀಪ ಉರಿದರೆ ಗಿಡಕ್ಕೆ ಇನ್ನೂ ಬೇಸಿಗೆಯೇ ಎಂಬ ಭ್ರಮೆ.

ನಮ್ಮ ಕಡೆಯ ರೈತರು ಈ ಭ್ರಮೆಯನ್ನೇ ಕಸುಬಾಗಿ ಮಾಡಿಕೊಂಡಿದ್ದಾರೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವವರು ಸೇವಂತಿಗೆಯ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ಕಾಣಬಹುದು. ಅದು ಜಾತ್ರೆಯಲ್ಲ; ಗಿಡ ಎತ್ತರ ಬೆಳೆಯುವ ತನಕ ಹೂವನ್ನು ತಡೆದಿಟ್ಟು, ಬೇಕಾದ ಹೊತ್ತಿಗೆ ದೀಪ ಆರಿಸುತ್ತಾರೆ. ಅವರು ತಿಳಿದು ಉರಿಸುವ ದೀಪವನ್ನು ನಾವು ತಿಳಿಯದೆ ಉರಿಸುತ್ತಿದ್ದೇವೆ. ಆದುದರಿಂದ ಸೆಪ್ಟೆಂಬರ್ ನಡುವಿನಿಂದ ಮೊಗ್ಗು ಬಣ್ಣ ತೋರುವ ತನಕ ಕುಂಡವನ್ನು ಗ್ಯಾಲರಿಯ ದೀಪ, ಬೀದಿ ದೀಪಗಳ ಮರೆಗೆ ಇಡಿ. ಮರೆಯಿಲ್ಲದಿದ್ದರೆ ಸಂಜೆ ಆರೇಳಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಗಿಡದ ಮೇಲೆ ಕವುಚಿ, ಬೆಳಗ್ಗೆ ತೆಗೆಯಿರಿ. ಹಾಗೆ ಮೊದಲಿಟ್ಟ ದಿನದಿಂದ ಎರಡು ಮೂರು ತಿಂಗಳಲ್ಲಿ ಹೂ ಕಾಣುತ್ತದೆ. ಜಾತಿಗೆ ತಕ್ಕಂತೆ ಹೆಚ್ಚು ಕಡಿಮೆ.

ಮೊಗ್ಗು ಬಂದಾಗ, ದೊಡ್ಡ ಹೂವಿನ ಜಾತಿಯಾದರೆ ಕವಲಿಗೊಂದೇ ಮೊಗ್ಗನ್ನು ಉಳಿಸಿ ಉಳಿದವನ್ನು ಕೀಳಬೇಕು. ಬಿದಿರ ಕಡ್ಡಿಯ ಆಸರೆಯೂ ಬೇಕು. ಚಿಕ್ಕ ಹೂವಿನ ಜಾತಿಗೆ ಇದು ಬೇಡ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯವರು ಚಿವುಟುವ, ಕಡ್ಡಿ ಕಟ್ಟುವ ಅಗತ್ಯವೇ ಇಲ್ಲದ ಚಿಕ್ಕ ಹೂವಿನ ಕುಳ್ಳು ತಳಿಗಳನ್ನು ಸಿದ್ಧಪಡಿಸಿದ್ದಾರೆ. ನಮ್ಮಂಥ ಗ್ಯಾಲರಿಯ ತೋಟಗಾರರಿಗೆ ಹೇಳಿ ಮಾಡಿಸಿದವು. ಒಂದು ಎಚ್ಚರಿಕೆ: ನರ್ಸರಿಯಲ್ಲಿ ಕೊಂಡ ಗಿಡಕ್ಕೆ ಕುಳ್ಳಾಗಿಸುವ ಔಷಧಿ ಹಾಕಿರುವುದುಂಟು. ಮರು ವರ್ಷ ಅದರ ಕಂದು ಎರಡು ಪಟ್ಟು ಎತ್ತರ ಬೆಳೆದರೆ ಗಾಬರಿಯಾಗಬೇಡಿ. ಅದೇ ಅದರ ಸಹಜ ರೂಪ.

ನಮ್ಮ ಪತ್ರಿಕೆ ಬೇರೆ ಊರುಗಳಿಗೂ ಹೋಗುವುದರಿಂದ ಅವರಿಗೂ ಎರಡು ಮಾತು. ಪುಣೆಯ ತಂಪು ರಾತ್ರಿ ಈ ಗಿಡಕ್ಕೆ ಹಿತ. ದಿಲ್ಲಿಯವರು ಮೇ, ಜೂನಿನ ಬಿಸಿಗಾಳಿಯಿಂದ ಕಂದುಗಳನ್ನು ಕಾಪಾಡಿದರೆ ಅರ್ಧ ಗೆದ್ದಂತೆ. ಚೆನ್ನೈಯ ಸೆಕೆಯಲ್ಲಿ ಹೂ ತಡವಾಗುವುದುಂಟು. ಅಲ್ಲಿ ಮಾಲೆ ಕಟ್ಟುವ ಚಿಕ್ಕ ಹಳದಿ ಜಾತಿಯೇ ಲೇಸು.

ಬಂಧುಗಳೇ, ಊರು ಬಿಟ್ಟು ಬಂದವರು ನಾವು. ಬಾಡಿಗೆ ಕೋಣೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ವರ್ಗ ಬರುತ್ತದೆ. ಹೀಗಿರುವಾಗ ವರ್ಷದ ಕೊನೆಗೆ ಹೂ ಕಾಣುವ ಗಿಡವನ್ನು ಫೆಬ್ರವರಿಯಲ್ಲಿ ಯಾರು ನೆಡಬೇಕು ಎಂದು ಕೇಳುವವರಿದ್ದಾರೆ. ಅದಕ್ಕೇ ನನ್ನದೊಂದು ಸಲಹೆ. ಈ ಜನವರಿಯಲ್ಲಿ ಯಾರೂ ಸೇವಂತಿಗೆಯ ಕುಂಡವನ್ನು ಎಸೆಯಬಾರದು. ಇಟ್ಟುಕೊಳ್ಳಲು ಆಗದವರು ವಾಚನಾಲಯದ ಮೆಟ್ಟಿಲ ಬಳಿ ತಂದಿಡಲಿ. ಫೆಬ್ರವರಿಯ ಕೊನೆಯ ಭಾನುವಾರ ನಾವು ನಾಲ್ಕಾರು ಮಂದಿ ಕೂಡಿ ಕಂದು ಬಿಡಿಸಿ, ಕೇಳಿದವರಿಗೆ ಹಂಚೋಣ. ವರ್ಗವಾಗಿ ಹೋದವರ ಗಿಡ ಇಲ್ಲೇ ಯಾರದಾದರೂ ಗ್ಯಾಲರಿಯಲ್ಲಿ ಉಳಿಯುತ್ತದೆ. ಹೋಗುವವರೂ ಒಂದು ಕಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೊಸ ಊರಿಗೆ ಒಯ್ಯಬಹುದು. ಪುಸ್ತಕವನ್ನು ಓದಿ ಹಿಂದಿರುಗಿಸುವ ನಮ್ಮ ವಾಚನಾಲಯಕ್ಕೆ ಈ ಪದ್ಧತಿ ಹೊಸದೇನೂ ಅಲ್ಲ.

ಕಾರ್ಯದರ್ಶಿಗಳು ಒಪ್ಪಿದರೆ ಹೆಸರು ಬರೆಯಲು ಬಾಗಿಲ ಬಳಿ ಒಂದು ವಹಿ ಇಡಲಿ.