ಮೆಕ್‌ಬೇನರ ಮೈಸೆಲ್, ಗಣಕಯಂತ್ರದ ಮೈಸೆಲ್

ಸೀಗೆಕಾಯಿ, ಅಂಟುವಾಳ, ಸಾಬೂನು, ಶಾಂಪೂ ಎಲ್ಲದರಲ್ಲೂ ಕೊಳೆ ಬಿಡಿಸುವುದು ಸರ್ಫ್ಯಾಕ್ಟಂಟ್ ಎಂಬ ಜಾತಿಯ ಅಣುಗಳು. ಇವುಗಳ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಆಗದು. ನೀರಿನಲ್ಲಿ ಇವುಗಳ ಪ್ರಮಾಣ ಒಂದು ಮಿತಿ ದಾಟಿದರೆ ಬಾಲಗಳು ಒಳಗೆ, ತಲೆಗಳು ಹೊರಗೆ ಎಂಬಂತೆ ಗುಂಪುಗೂಡುತ್ತವೆ. ಆ ಗುಂಪೇ ಮೈಸೆಲ್. ಶಾಂಪೂ ಬಾಟಲಿಯ ಮೇಲೆ ಹೆಸರು ಕಾಣುವ ಬಳಗದ ಸೋಡಿಯಂ ಡೋಡೆಸಿಲ್ ಸಲ್ಫೇಟಿಗೆ ಈ ಮಿತಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೀಟರಿಗೆ ಸುಮಾರು 8 ಮಿಲಿಮೋಲ್. ಒಂದು ಮೈಸೆಲ್‌ನಲ್ಲಿ ಸುಮಾರು 60 ಅಣುಗಳಿರುತ್ತವೆ.

ಇಂಥ ಗುಂಪುಗಳಿವೆ ಎಂದು 1913ರಲ್ಲಿ ಹೇಳಿದವರು ಬ್ರಿಸ್ಟಲ್‌ನಲ್ಲಿದ್ದ, ಕೆನಡಾ ಮೂಲದ ಜೇಮ್ಸ್ ವಿಲಿಯಂ ಮೆಕ್‌ಬೇನ್. ಲಂಡನ್ನಿನ ಸಭೆಯೊಂದರಲ್ಲಿ ಅಧ್ಯಕ್ಷರು ಅದನ್ನು ಅಸಂಬದ್ಧವೆಂದು ತಳ್ಳಿಹಾಕಿದರೆಂಬ ಕಥೆ ರಸಾಯನಶಾಸ್ತ್ರದ ಮೇಷ್ಟ್ರುಗಳ ಬಾಯಲ್ಲಿ ಇಂದಿಗೂ ಇದೆ. ಅದೇ ಮೆಕ್‌ಬೇನ್ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರು ಎಂಬ ಸಂಗತಿಗೆ ಮಾತ್ರ ಅಷ್ಟು ಪ್ರಚಾರವಿಲ್ಲ. 1950ರ ಜನವರಿಯಲ್ಲಿ ನೆಹರೂ ಉದ್ಘಾಟಿಸಿದ ಈ ಸಂಸ್ಥೆಯನ್ನು ಅವರು 1952ರವರೆಗೆ ನಡೆಸಿದರು. ಅವರ ನಂತರ ಬಂದ ಜಾರ್ಜ್ ಫಿಂಚ್ 1922ರಲ್ಲಿ ಆಮ್ಲಜನಕ ಹೊತ್ತು ಎವರೆಸ್ಟ್ ಏರಲು ಹೋದವರು. ಹೇಳಿಕೊಳ್ಳಲು ಅದು ಹೆಚ್ಚು ಸ್ವಾರಸ್ಯ, ನಿಜ. ಆದರೆ ಪಾಷಾಣ್ ರಸ್ತೆಯಲ್ಲಿರುವ ಆ ಪ್ರಯೋಗಾಲಯಕ್ಕೆ ಮೈಸೆಲ್‌ನ ನಂಟೇ ದೊಡ್ಡದು.

ಮೈಸೆಲ್ ಇದೆಯೆಂದು ಒಪ್ಪಿದ ಮೇಲೆ ಜಗಳ ಆಕಾರಕ್ಕೆ ಬಂತು. ಚಿಕ್ಕ ಅಯಾನಿಕ ಗುಂಪುಗಳ ಜೊತೆಗೆ ಪದರ ಪದರವಾದ ದೊಡ್ಡ ಗುಂಪುಗಳೂ ಇವೆ ಎಂಬುದು ಮೆಕ್‌ಬೇನರ ವಾದ. ಇರುವುದು ಒಂದೇ ಬಗೆ, ಅದು ಗೋಳ, ಅದರ ಒಳಗು ಎಣ್ಣೆಯಂತೆ ದ್ರವ ಎಂಬುದು 1936ರ ಸುಮಾರಿಗೆ ರಸಾಯನಶಾಸ್ತ್ರಜ್ಞ ಹಾರ್ಟ್ಲಿ ಕೊಟ್ಟ ಉತ್ತರ. 1951ರಲ್ಲಿ, ಮೆಕ್‌ಬೇನ್ ಪುಣೆಯಲ್ಲಿದ್ದಾಗಲೇ, ಡಿಬೈ ಮತ್ತು ಆನೇಕರ್ ಬೆಳಕಿನ ಚದುರುವಿಕೆಯಿಂದ ಉಪ್ಪು ಬೆರೆತ ದ್ರಾವಣದಲ್ಲಿ ಕಡ್ಡಿಯಾಕಾರದ ಮೈಸೆಲ್ ಕಂಡರು. 1979ರಲ್ಲಿ ಮೆಂಗರ್, ಗೋಳದ ಒಳಗೂ ನೀರು ಸಾಕಷ್ಟು ನುಗ್ಗುತ್ತದೆಂದು ವಾದಿಸಿದರು. ತರಗತಿಯ ಹಲಗೆಯ ಮೇಲೆ ಬಾಲಗಳೆಲ್ಲ ನೆಟ್ಟಗೆ ಕೇಂದ್ರಕ್ಕೆ ಮುಖಮಾಡಿ ನಿಲ್ಲುವ ಚಿತ್ರ ಮಾತ್ರ ಕದಲಲಿಲ್ಲ. ಒಳಗು ದ್ರವವೆಂದ ಹಾರ್ಟ್ಲಿಗೇ ಅದು ಒಪ್ಪುವಂಥದ್ದಲ್ಲ.

ತೀರ್ಪು ಕೊಡಲು ಗಣಕಯಂತ್ರವನ್ನು ಕರೆದದ್ದು ಇಂಥ ಹಂತದಲ್ಲಿ. 1986ರಲ್ಲಿ ಯೋನ್ಸನ್ ಮತ್ತು ಸಂಗಡಿಗರು ಸೋಡಿಯಂ ಆಕ್ಟನೋಯೇಟ್ ಮೈಸೆಲ್‌ನ ಅಣುಚಲನೆಯನ್ನು ಲೆಕ್ಕಹಾಕಿದರು. ಆಮೇಲೆ ಈ ವಿಷಯ ಪಿಎಚ್‌ಡಿ ಪ್ರಬಂಧಗಳ ಖಾಯಂ ಕ್ಷೇತ್ರವಾಯಿತು. ಪುಣೆಯಲ್ಲಿ ಅದಕ್ಕೆ ಬೇಕಾದ ಯಂತ್ರಗಳೂ ಇವೆ: ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ಕಟ್ಟಿದ್ದು ಇಲ್ಲೇ, ಪರಮ್ ಬ್ರಹ್ಮ ಇರುವುದು ಇಲ್ಲಿನ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ.

ತೊಡಕು ಯಂತ್ರದ್ದಲ್ಲ, ಲೆಕ್ಕದ್ದು. ಲೀಟರಿಗೆ 8 ಮಿಲಿಮೋಲ್ ಎಂದರೆ ಒಂದು ಸರ್ಫ್ಯಾಕ್ಟಂಟ್ ಅಣುವಿಗೆ ಸುಮಾರು 7,000 ನೀರಿನ ಅಣು. 60 ಅಣುಗಳಿಗೆ 4 ಲಕ್ಷಕ್ಕೂ ಹೆಚ್ಚು. ಕಾಲವನ್ನು 2 ಫೆಮ್ಟೋಸೆಕೆಂಡಿನ ಹೆಜ್ಜೆಗಳಲ್ಲಿ ದೂಡಬೇಕು. ಒಂದು ಮೈಕ್ರೋಸೆಕೆಂಡಿಗೇ 50 ಕೋಟಿ ಹೆಜ್ಜೆ. ಬಿಡಿ ಅಣು ಮೈಸೆಲ್‌ನಿಂದ ಹೊರಬರಲು ಮೈಕ್ರೋಸೆಕೆಂಡುಗಳು ಸಾಕು. ಇಡೀ ಮೈಸೆಲ್ ಹುಟ್ಟಿ ಅಳಿಯಲು ಮಿಲಿಸೆಕೆಂಡಿನಿಂದ ಸೆಕೆಂಡುಗಳೇ ಬೇಕು. ಆದ್ದರಿಂದ ಸಂಶೋಧಕರು ಸಾಮಾನ್ಯವಾಗಿ 60 ಅಣುಗಳನ್ನು ತಾವೇ ಗೋಳವಾಗಿ ಜೋಡಿಸಿ, ಸುತ್ತ ನೀರು ತುಂಬಿ, ಲೆಕ್ಕ ಶುರುಮಾಡುತ್ತಾರೆ. ಕೊನೆಯಲ್ಲಿ ಗೋಳ ಉಳಿದಿದ್ದರೆ ಅದನ್ನು ಫಲಿತಾಂಶವೆಂದು ಬರೆಯುವುದು, ಪ್ರಶ್ನೆಪತ್ರಿಕೆ ಬರೆದವರೇ ಉತ್ತರವನ್ನೂ ಬರೆದಂತೆ.

ಎಲ್ಲ ಪ್ರಶ್ನೆಗೂ ಈ ಆಕ್ಷೇಪ ತಟ್ಟದು. ಬೆಂಗಳೂರಿನ ಬಾಲಸುಬ್ರಮಣಿಯನ್, ಬಿಮನ್ ಬಾಗ್ಚಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಸೀಸಿಯಂ ಪರ್‌ಫ್ಲೋರೋಆಕ್ಟನೋಯೇಟ್ ಮೈಸೆಲ್‌ನ ಅಂಚಿನ ನೀರನ್ನು ಇಂಥದೇ ಲೆಕ್ಕದಿಂದ ಪರಿಶೀಲಿಸಿದರು. ತಲೆಯ ಜೊತೆ ನೀರು ಹೆಣೆದ ಹೈಡ್ರೋಜನ್ ಬಂಧ, ನೀರು-ನೀರಿನ ಬಂಧಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆಂದು ತೋರಿಸಿದರು. ಅಲ್ಲಿ ಕೇಳಿದ್ದು ಗುಂಪು ಹೇಗಾಯಿತೆಂದಲ್ಲ, ಅದರ ಮೈಯಂಚಿನಲ್ಲಿ ಏನು ನಡೆಯುತ್ತದೆಂದು. ಬಾಲಗಳು ಒಳಗೆ ಅಂಕುಡೊಂಕಾಗಿ, ದ್ರವದಂತೆಯೇ ಇರುತ್ತವೆಂದೂ ನೀರು ಹೆಚ್ಚಾಗಿ ಅಂಚಿನ ಬಳಿಯೇ ನಿಲ್ಲುತ್ತದೆಂದೂ ಈ ಲೆಕ್ಕಗಳು ಹೇಳುವಾಗಲೂ ನಂಬಬಹುದು.

ಗೋಳವೋ ಕಡ್ಡಿಯೋ ಎಂಬ ಪ್ರಶ್ನೆಗೆ ಒಂದು ಅಡ್ಡದಾರಿಯಿದೆ. ಮಾರ್ಟಿನಿಯಂಥ ಮಾದರಿಯಲ್ಲಿ ಸುಮಾರು ನಾಲ್ಕು ಭಾರ (ಹೈಡ್ರೋಜನ್ ಅಲ್ಲದ) ಪರಮಾಣುಗಳನ್ನು ಸೇರಿಸಿ ಒಂದು ಮಣಿ ಮಾಡುತ್ತಾರೆ. ಲೆಕ್ಕ ಹಗುರಾಗಿ, ಚದುರಿದ ಅಣುಗಳು ಕಣ್ಣೆದುರೇ ಗುಂಪುಗೂಡುತ್ತವೆ. ಆದರೆ ಮಣಿಗಳ ಸೆಳೆತವನ್ನು ಹೊಂದಿಸಿರುವುದು ಎಣ್ಣೆ-ನೀರಿನ ನಡುವೆ ಪದಾರ್ಥ ಹಂಚಿಕೊಳ್ಳುವ ಪ್ರಯೋಗದ ಅಂಕಿಗಳಿಗೆ. ಹಾಗಿದ್ದಮೇಲೆ ಅವು ಗುಂಪುಗೂಡಿದ್ದನ್ನು ಸ್ವತಂತ್ರ ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ಎಣಿಸಬೇಕು? ಪ್ರತಿ ಪರಮಾಣುವನ್ನೂ ಬಲ್ಲ, ಆದರೆ ಗುಂಪು ಹುಟ್ಟುವವರೆಗೆ ಕಾಯಲಾಗದ ಮಾದರಿ ಒಂದು ಕಡೆ. ಕಾಯಬಲ್ಲ, ಆದರೆ ಪರಮಾಣುಗಳನ್ನು ಮರೆತ ಮಾದರಿ ಇನ್ನೊಂದು ಕಡೆ. ಮೆಕ್‌ಬೇನ್ ಮತ್ತು ಹಾರ್ಟ್ಲಿಯರ ವ್ಯಾಜ್ಯದಲ್ಲಿ ಯಾವುದರ ಸಾಕ್ಷಿ ನಡೆಯುತ್ತದೆ?