ಕಂದಪೊಳದ ಚಹಾ ಕಾರ್ಖಾನೆಯಲ್ಲಿ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಬೇಸಿಗೆಯ ರಜೆಯಲ್ಲಿ ಉಪಾಧ್ಯಾಯರಾದ ನಾವು ನಾಲ್ವರು ಶ್ರೀಲಂಕೆಗೆ ಪ್ರವಾಸ ಹೋಗಿದ್ದೆವು. ಅಲ್ಲಿ ನುವರ ಎಲಿಯ ಪಟ್ಟಣಕ್ಕೆ ಸಮೀಪದಲ್ಲಿ ಕಂದಪೊಳವೆಂಬ ಊರಿದೆ. ಆ ಊರಿನ ಹೆದರ್‌ಸೆಟ್ ತೋಟದ ಹಳೆಯ ಚಹಾ ಕಾರ್ಖಾನೆಯು ೧೯೯೬ರಿಂದ ಹೋಟೆಲಾಗಿದೆ. ನೀಲಗಿರಿಯವರು ಚಹಾ ತೋಟವನ್ನು ನೋಡಲು ಸಮುದ್ರ ದಾಟಬೇಕೆ ಎಂದು ನೀವು ನಗಬಹುದು. ನಮ್ಮ ಮನೆಗಳಲ್ಲಿಯೂ ನಕ್ಕರು. ಅಲ್ಲಿ ತಂಗುವುದು ಉಪಾಧ್ಯಾಯರ ಸಂಬಳಕ್ಕೆ ಹೊಂದುವಂಥದಲ್ಲ. ಮಧ್ಯಾಹ್ನದ ಊಟಕ್ಕಷ್ಟೇ ಹೋದೆವು.

ಕಾರ್ಖಾನೆಯ ರೂಪವನ್ನು ಅವರು ಕೆಡಿಸಿಲ್ಲವೆಂಬುದು ಮೆಚ್ಚತಕ್ಕ ಮಾತು. ಹಸಿಯ ಚಹಾ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಬಾಡಿಸದೆ ಯಂತ್ರಕ್ಕೆ ಕೊಟ್ಟರೆ ಎಲೆ ಸುರುಳಿಯಾಗದೆ ಹರಿದುಹೋಗುತ್ತದೆ. ಆದುದರಿಂದಲೇ ಹಳೆಯ ಕಾರ್ಖಾನೆಗಳಿಗೆ ಮೇಲೆ ವಿಶಾಲವಾದ ಅಟ್ಟಗಳು, ಸಾಲು ಸಾಲು ಕಿಟಕಿಗಳು, ಗಾಳಿಯನ್ನೆಳೆಯುವ ದೊಡ್ಡ ಪಂಖಗಳು. ರಾತ್ರಿಯೆಲ್ಲ ಎಲೆಯನ್ನು ಹಾಸಿಡುತ್ತಿದ್ದ ಆ ಅಟ್ಟಗಳಲ್ಲಿ ಈಗ ಅತಿಥಿಗಳಿಗೆ ಹಾಸಿಗೆ ಹಾಸಿದ್ದಾರೆ! ಪಂಖಗಳೂ ಹಳೆಯ ಎಂಜಿನ್ನೂ ಹಾಗೆಯೇ ಉಳಿದಿವೆ.

ಅತಿಥಿಗಳಿಗೆ ಒಂದು ವಿನೋದವುಂಟು. ತೋಟದ ಹೆಂಗಸರಂತೆ ಸೀರೆಯುಟ್ಟು, ಬುಟ್ಟಿ ಹೊತ್ತು, ಎರಡೆಲೆ ಒಂದು ಮೊಗ್ಗನ್ನು ಕಿತ್ತು ತರಬಹುದು. ಅದನ್ನು ಅಲ್ಲಿಯೇ ಚಹಾ ಮಾಡಿ ಕೊಡುತ್ತಾರೆ. ಒಬ್ಬ ಪರದೇಶದ ಮಹಿಳೆ ಅರ್ಧ ಗಂಟೆ ಕಿತ್ತು, ಬೆನ್ನು ಹಿಡಿಯಿತೆಂದು ಬುಟ್ಟಿಯನ್ನಿಳಿಸಿದರು. ಆಕೆ ನಗುತ್ತಲೇ ಇದ್ದರು. ನಮಗೇಕೋ ನಗು ಬರಲಿಲ್ಲ. ಒಂದು ಕಿಲೋ ಚಹಾಪುಡಿಗೆ ನಾಲ್ಕೈದು ಕಿಲೋ ಹಸಿ ಎಲೆ ಬೇಕೆಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಲಂಕೆಯಲ್ಲಿ ಮೊದಲು ಇದ್ದುದು ಕಾಫಿ. ೧೮೬೭ರಲ್ಲಿ ಜೇಮ್ಸ್ ಟೇಲರ್ ಎಂಬಾತ ಲೂಲೆಕಂದರ ತೋಟದಲ್ಲಿ ೧೯ ಎಕರೆಗೆ ಚಹಾ ಹಾಕಿದನು. ೧೮೬೯ರಲ್ಲಿ ಕಾಣಿಸಿಕೊಂಡ ತುಕ್ಕುರೋಗವು ಮುಂದೆ ಕಾಫಿಯನ್ನು ನುಂಗಿ, ಬೆಟ್ಟವೆಲ್ಲ ಚಹಾ ಆಯಿತು. ದುಡಿಯಲು ತಮಿಳುನಾಡಿನಿಂದ ಜನ ಹೋದರು. ೧೯೪೮ರ ಪೌರತ್ವದ ಕಾನೂನು ಅವರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ೧೯೬೪ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಮಾಡಿಕೊಂಡ ಒಪ್ಪಂದದಂತೆ ೫,೨೫,೦೦೦ ಜನರನ್ನು ಭಾರತವು ಒಪ್ಪಿಕೊಳ್ಳತಕ್ಕದ್ದೆಂದಾಯಿತು. ಹಾಗೆ ಬಂದವರಿಗಾಗಿಯೇ ನಮ್ಮ ಬೆಟ್ಟಗಳಲ್ಲಿ ೧೯೬೮ರಲ್ಲಿ ಸರ್ಕಾರಿ ಚಹಾ ತೋಟಗಳು ಆರಂಭವಾದವು. ಅವರ ಮಕ್ಕಳು ನಮ್ಮ ನೆರೆಹೊರೆಯವರು.

ಊಟವಾದ ಮೇಲೆ ತೋಟದ ದಾರಿಯಲ್ಲಿ ಒಬ್ಬ ಅಜ್ಜಿ ಎದುರಾದರು. ಯಾವ ಊರೆಂದು ತಮಿಳಿನಲ್ಲಿ ಕೇಳಿದರು. ನೀಲಗಿರಿಯೆಂದೆವು. ಅಜ್ಜಿ ಬುಟ್ಟಿಯನ್ನು ಕೆಳಗಿಟ್ಟರು. ಅವರ ಅಕ್ಕ ಗಂಡನೊಡನೆ, ಎರಡು ಕೂಸುಗಳೊಡನೆ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಹೋದರಂತೆ. ನೀಲಗಿರಿಯಿಂದ ಮೂರು ಕಾಗದ ಬಂದುವು, ಆಮೇಲೆ ಇಲ್ಲ. "ಅಲ್ಲಿಯೂ ಇಷ್ಟೇ ಚಳಿಯೇ ಸಾಮಿ?" ಎಂದು ಕೇಳಿದರು. ಹೌದೆಂದೆವು. ಬೇರೇನು ಹೇಳಬೇಕೋ ತೋಚಲಿಲ್ಲ. ನಮ್ಮಲ್ಲೊಬ್ಬರು ಅಕ್ಕ ಭಾವಂದಿರ ಹೆಸರುಗಳನ್ನು ಕೇಳಿ ಬರೆದುಕೊಂಡರು.

ಆ ಚೀಟಿ ನಮ್ಮ ಬಳಿ ಇದೆ. ಸಭೆಯಲ್ಲಿರುವವರ ಪೈಕಿ ಯಾರ ನೆರೆಯಲ್ಲಾದರೂ ಕಂದಪೊಳದ ಕಡೆಯಿಂದ ಬಂದ ಕುಟುಂಬವಿದ್ದರೆ, ಮಂಗಳಾರತಿಯಾದ ಬಳಿಕ ಆಫೀಸು ಕೋಣೆಗೆ ಬಂದು ನಮ್ಮನ್ನು ಕಾಣಬೇಕೆಂದು ಪ್ರಾರ್ಥನೆ.